ಪೇಟ ಇಟ್ಟ ಫೋಟೋ

ಓದುಗರಿಗೆಲ್ಲ ನಮಸ್ಕಾರ. ನಾನು ಹತ್ತನೇ ಕ್ಲಾಸು ಕಟ್ಟಿ ಪಾಸಾದದ್ದೇ ಮೂವತ್ತೊಂದನೇ ವಯಸ್ಸಿನಲ್ಲಿ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಮೆರಿಕದ ಜರ್ಮನ್‌ಟೌನಿನ ಒಂದು ಲ್ಯಾಬಿನ ಸ್ಟೋರ್ ರೂಮಿನಲ್ಲಿ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಆಫ್ರಿಕಾದವರು, ನನಗಿಂತ ಹಿರಿಯರು. ನಾವಿಬ್ಬರೂ ಮಾತಾಡುವುದು ಹರಕು ಇಂಗ್ಲಿಷಿನಲ್ಲಿ. ಅವರ ದೇಶದಲ್ಲಿ ಅಂತರ್ಯುದ್ಧ. ದೇಶದ ಹೆಸರು ಬರೆಯಬೇಡ ಎಂದಿದ್ದಾರೆ. ಅಲ್ಲಿ ಅವರ ತಮ್ಮನೊಬ್ಬ ಬೀದಿಯವರಿಗೆಲ್ಲ ಬೇಳೆ ಬೇಯಿಸಿ ಹಾಕುತ್ತಿದ್ದ. ಇಲ್ಲಿ ಇವರು ರಜೆ ದಿನ ವಾಷಿಂಗ್ಟನ್ನಿಗೆ ಹೋಗಿ, ಮಿಲಿಟರಿ ಆಳ್ವಿಕೆ ಬೇಡ ಎಂದು ಬೋರ್ಡು ಹಿಡಿದು ನಿಲ್ಲುತ್ತಿದ್ದರು.

ನಮ್ಮ ಕನ್ನಡ ಸಂಘದ ಯುಗಾದಿ ಊಟಕ್ಕೆ ಅವರನ್ನು ಕರೆದುಕೊಂಡು ಹೋದೆ. ಇಂಥವರಿಗೆ ಸನ್ಮಾನ ಮಾಡೋಣ ಎಂದವನು ನಾನೇ. ನಮ್ಮಲ್ಲಿ ಗೊತ್ತಲ್ಲ, ರಂಗೋಲಿ ಸ್ಪರ್ಧೆಯ ತೀರ್ಪುಗಾರರಿಗೂ ಶಾಲು ಹೊದಿಸುತ್ತೇವೆ. ಹಾರ ಹಾಕಿ, ಮೈಸೂರು ಪೇಟ ಇಟ್ಟೆವು. ಕಾರ್ಯದರ್ಶಿ ಅಂಕಲ್, "ಸ್ವಲ್ಪ ಟೈಟು, ನಮ್ಮ ಅಳಿಯನ ಸೈಜ್ ಇದು" ಎಂದು ಎಲ್ಲರನ್ನೂ ನಗಿಸಿದರು. ಆ ಫೋಟೋವನ್ನು ಅವರ ಪೂರ್ತಿ ಹೆಸರು ಹಾಕಿ, 'ಹೋರಾಟದ ನಾಯಕರು' ಎಂದು ಮಗಳ ಕೈಲಿ ಇಂಗ್ಲಿಷಿನಲ್ಲಿ ಬರೆಸಿ, ಇಂಟರ್ನೆಟ್ಟಿಗೆ ಹಾಕಿದವನೂ ನಾನೇ.

ಮೂರು ವಾರದ ಮೇಲೆ ಮಿಲಿಟರಿಯವರು ಅವರ ತಮ್ಮನನ್ನು ಒಲೆಯ ಮುಂದಿನಿಂದಲೇ ಎಳೆದುಕೊಂಡು ಹೋದರು. ಜೊತೆಗೆ ಹಿಡಿದಿದ್ದ ಪಕ್ಕದ ಮನೆಯವರನ್ನು ಎರಡು ದಿನದ ಮೇಲೆ ಬಿಟ್ಟು ಕಳಿಸಿದರಂತೆ. ವಿಚಾರಣೆಯಲ್ಲಿ ಮೇಜಿನ ಮೇಲಿದ್ದದ್ದು ನಮ್ಮ ಫೋಟೋ ಎಂದು ಆ ಪಕ್ಕದ ಮನೆಯವರೇ ಹೇಳಿ ಕಳಿಸಿದ್ದರು.

ಸ್ಟೋರ್ ರೂಮಿನಲ್ಲಿ ರಟ್ಟಿನ ಡಬ್ಬ ಕೊಯ್ಯುತ್ತಿದ್ದ ಕಟರನ್ನು ಕೆಳಗಿಟ್ಟು ಅವರು ನನಗಿದನ್ನು ಹೇಳಿದರು. "ಈ ಕಿರೀಟ ನಿಮ್ಮಣ್ಣಂಗೆ ಯಾವ ಪಾರ್ಟಿ ಕೊಟ್ಟಿದ್ದು ಅಂತ ಕೇಳಿ ಕೇಳಿ ಹೊಡೆದ್ರಂತೆ. ಅವನಿಗೇನು ಗೊತ್ತು ಹೇಳು. ನನಗೇ ಗೊತ್ತಿರಲಿಲ್ಲ."

ಫೋಟೋವನ್ನು ಅವತ್ತೇ ಇಂಟರ್ನೆಟ್ಟಿನಿಂದ ತೆಗೆಸಿದೆ. ಅದರಿಂದ ಏನೂ ಆಗಲಿಲ್ಲ. ಸನ್ಮಾನ ಎಂದರೇನು ಎಂದು ಒಂದು ಕಾಗದ ಬರೆದುಕೊಟ್ಟರೆ ಬಿಡುಗಡೆ ಅರ್ಜಿಯ ಜೊತೆ ಇಡುತ್ತೇನೆ ಎಂದು ಅಲ್ಲಿಯ ವಕೀಲರು ಹೇಳಿಕಳಿಸಿದರು. ನಾಲ್ಕು ಸಂಜೆ ಕೂತು ಬರೆದೆ. ಈ ಪೇಟಕ್ಕೆ ಯಾವ ಅಧಿಕಾರವೂ ಇಲ್ಲ, ಯಾರಿಗೆ ಬೇಕಾದರೂ ಇಡುತ್ತೇವೆ ಎಂದು. ಪ್ರೀತಿಯಿಂದ ಇಟ್ಟದ್ದನ್ನು ಹಾಗೆ ಬರೆಯಲು ಕೈ ಏಳುತ್ತಿರಲಿಲ್ಲ.

ಅವರು ಎರಡು ಸಲ ಓದಿಸಿ ಕೇಳಿದರು. "ನಾಯಕರು ಅಂತ ಹಾಕಿದ್ದೆಯಲ್ಲ, ಅದು?"

"ಅದೂ ಸುಮ್ನೆ ಹಾಕೋದು," ಎಂದೆ.

"ಅದನ್ನೂ ಬರಿ."

ಬರೆದೆ. ಕಾಗದ ಹೋಗಿ ಏಳು ತಿಂಗಳಾಯಿತು. ತಮ್ಮ ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ಈಗಲೂ ನಾವು ಒಂದೇ ಟೇಬಲ್ಲಿನಲ್ಲಿ ಕೂತು ಊಟ ಮಾಡುತ್ತೇವೆ. ಇವತ್ತಿನವರೆಗೆ ಅವರು ನನ್ನನ್ನು ಬೈದಿಲ್ಲ.

ಒಳ್ಳೆಯದೆಂದು ನೀವು ಮಾಡಿದ್ದು ಹೀಗೆ ಎಲ್ಲೋ ಇರುವವರ ಕುತ್ತಿಗೆಗೆ ಬಂದದ್ದುಂಟೇ? ಇದ್ದರೆ ನೀವೂ ಬರೆಯಿರಿ. ಅವರ ಹೆಸರು ಮಾತ್ರ ಹಾಕಬೇಡಿ.