ಗುಲ್ಸುಮ್ ಉಸ್ತಾ ಮತ್ತು ಸುಳ್ಳು ಹೇಳುವ ಮುಳ್ಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನೀದೆ ಪಟ್ಟಣದ ಹೊರಗಿನ ಗ್ಯಾರೇಜು ಸಾಲಿನಲ್ಲಿ ಒಂದನ್ನು ಬಿಟ್ಟು ಎಲ್ಲ ಶೆಟರುಗಳೂ ಮುಚ್ಚಿವೆ. ಆ ಒಂದರ ಮುಂದೆ ನೀಲಿ ಬಣ್ಣದ ಹಳೆಯ ಲಾರಿಯೊಂದು ಗುರುಗುಡುತ್ತ ನಿಂತಿದೆ. ಚಾಲಕನ ಬಾಗಿಲಿನಿಂದ ಆಚೆ ಕಾಣುವುದು ಉಣ್ಣೆಯ ಕಾಲುಚೀಲ ಹಾಕಿದ ಎರಡು ಪಾದಗಳು ಮಾತ್ರ. ಮಿಕ್ಕ ಗುಲ್ಸುಮ್ ಉಸ್ತಾ ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿಕೊಂಡು ಅಂಗಾತ ಮಲಗಿದ್ದಾರೆ. ಅವರ ಬೂಟುಗಳು ಕೆಳಗೆ ಇಬ್ಬನಿಯಲ್ಲಿ ನೆನೆಯುತ್ತಿವೆ. ಚಾಲಕ ಕ್ಯಾಬಿನ್ನಿಗೆ ಜಮಖಾನ ಹಾಸಿಕೊಂಡಿದ್ದಾನೆಂದರೆ ಅದು ಅವನ ಮನೆ, ಮನೆಯೊಳಗೆ ಬೂಟು ಹಾಕಿಕೊಂಡು ಹೋಗುವುದುಂಟೇ ಎಂಬುದು ಅವರ ವಾದ.

"ಎಂಜಿನ್ ಆರಿಸಣ್ಣಾ, ಮಾರಾಯ! ಒಳಗೆ ನನ್ನ ಹಲ್ಲೆಲ್ಲಾ ಕಟಕಟ ಅಂತಿದೆ."

ಕೆಳಗೆ ನಿಂತಿದ್ದ ಹಿದಾಯತ್ ಕಪ್ತಾನರು ಕೈ ಚಾಚಿ ಕೀಲಿ ತಿರುಗಿಸುತ್ತಾರೆ. ಇಲ್ಲಿ ಲಾರಿ ಚಾಲಕರೆಲ್ಲ ಕಪ್ತಾನರೇ, ಕೈಕಸುಬು ಬಲ್ಲವರೆಲ್ಲ ಉಸ್ತಾಗಳೇ. ಮೆರ್ಸಿನ್ ಬಂದರಿನ ಕಡೆಯ ತೋಟಗಳಿಂದ ನಿಂಬೆಹಣ್ಣು ತುಂಬಿಕೊಂಡು, ತೋರೋಸ್ ಬೆಟ್ಟ ಹತ್ತಿ ಇಳಿದು, ಒರ್ತಾಹಿಸಾರದ ಕಲ್ಲುಗವಿಗಳ ಉಗ್ರಾಣಕ್ಕೆ ಸೇರಿಸುವುದು ಇವರ ಕಸುಬು. ಅದರಲ್ಲೇ ಮೀಸೆ ನರೆತಿದೆ. ಆದರೆ ಇವತ್ತು ಮುಖದಲ್ಲಿ ಕಳೆ ಇಲ್ಲ. ಮಧ್ಯಾಹ್ನ ಜೆವ್ದೆತ್ ಎಂಬ ಮರಳು ವ್ಯಾಪಾರಿ ಬರುತ್ತಾನೆ. ವೇಗದ ಮೀಟರು ಸರಿಯಿದ್ದು, ಪರೀಕ್ಷಿಸಿದ ಗುರುತಿಗೆ ಅದರ ಮೇಲೆ ಸೀಲು ಬಿದ್ದಿದ್ದರೆ ಲಾರಿಯನ್ನು ಕೊಂಡುಕೊಳ್ಳುತ್ತಾನೆ.

"ಮಾರ್ತೀಯಾ? ನೀನು?" ಗುಲ್ಸುಮ್ ಉಸ್ತಾರ ತಲೆ ಈಗ ಹೊರಗೆ ಬರುತ್ತದೆ.

"ವಯಸ್ಸಾಯ್ತು ತಂಗಿ. ಗಂಟೆಗೆ ಎಂಬತ್ತು ಕಿಲೋಮೀಟರಲ್ಲಿ ಓಡಿಸ್ತಾ ಇರ್ತೀನಿ, ಆದ್ರೂ ಎಲ್ಲರೂ ನನ್ನ ದಾಟ್ಕೊಂಡು ಹೋಗ್ತಾರೆ. ಕಲ್ಲಂಗಡಿ ಟ್ರ್ಯಾಕ್ಟರ್‌ನೋನು ಕೂಡ ಹಾರ್ನ್ ಹೊಡೀತಾನೆ. ಉಗ್ರಾಣಕ್ಕೆ ದಿನಾ ಕಡೇಲಿ ಮುಟ್ಟೋನು ನಾನೇ. ಎಂಜಿನ್ ಸದ್ದು ಕೂಡ ನಿದ್ದೆಗಣ್ಣಲ್ಲಿ ಇದ್ದ ಹಾಗೆ ಕೇಳ್ಸುತ್ತೆ. ಮಗ ಅಂತಾನೆ, ಅಪ್ಪಾ, ನಿನ್ನ ಕಿವಿ ಹೋಗಿದೆ, ಅಂದಾಜು ಹೋಗಿದೆ, ಯಾರ ಮೇಲಾದ್ರೂ ಹತ್ತಿಸೋ ಮುಂಚೆ ಬಿಟ್ಬಿಡು ಅಂತ." ಅವರು ಮೀಸೆ ತಿರುವಲು ಹೋಗಿ ಕೈ ಇಳಿಸುತ್ತಾರೆ. "ನನಗೂ ಹಾಗೇ ಅನ್ನಿಸ್ತಿದೆ. ಭಯ ಆಗುತ್ತೆ."

ಅವರು ಹೇಳಿಕೊಂಡ ದೂರು ಮಾತ್ರ ಬೇರೆ: ಮೀಟರಿನ ಮುಳ್ಳು ಬೆಳಗಿನ ಚಳಿಯಲ್ಲಿ ಕುಣಿಯುತ್ತದೆ, ಅಷ್ಟೇ. ಹಳೆಯ ಲಾರಿಗಳ ಈ ಟ್ಯಾಕೊಗ್ರಾಫ್ ಬರೀ ವೇಗ ತೋರಿಸಿ ಸುಮ್ಮನಿರುವ ಮೀಟರಲ್ಲ. ಹೊಟ್ಟೆಯೊಳಗೆ ಇಟ್ಟ ದುಂಡು ಕಾಗದದ ಮೇಲೆ ದಿನವಿಡೀ ಲಾರಿ ಓಡಿದ್ದು, ನಿಂತಿದ್ದು ಎಲ್ಲವನ್ನೂ ಗೀರುತ್ತ ಹೋಗುತ್ತದೆ. ಗಿಯರ್ ಬಾಕ್ಸಿನಿಂದ ಒಂದು ತಂತಿ ಕೇಬಲ್ಲು ತಿರುಗುತ್ತ ಬಂದು ಅದನ್ನು ನಡೆಸುತ್ತದೆ. ದಾರಿಯಲ್ಲಿ ತಡೆದ ಪೊಲೀಸರು ನೋಡುವುದು ಇದರ ಮಾತನ್ನೇ ಹೊರತು ಚಾಲಕನದಲ್ಲ. ಗುಲ್ಸುಮ್ ಉಸ್ತಾ ಇಂಥ ಮೀಟರುಗಳ ವೈದ್ಯೆ. ಸುತ್ತಲಿನ ಪಟ್ಟಣಗಳಲ್ಲಿ ಇದರ ಹೊಟ್ಟೆ ಬಿಚ್ಚಿ ಮತ್ತೆ ಹೊಲಿಯಬಲ್ಲವರು ಈಗ ಇವರೊಬ್ಬರೇ ಉಳಿದಿದ್ದಾರೆ.

ಈ ಕಸುಬಿಗೆ ಅವರು ಬಂದದ್ದು ಬೇಳೆ ಸಾರಿನ ದೆಸೆಯಿಂದ. ಗಂಡ ತೀರಿಕೊಂಡ ಮೇಲೆ ಈ ಸಾಲಿನ ಹೋಟೆಲಿನಲ್ಲಿ ಅಡಿಗೆಗೆ ಸೇರಿದ್ದರು. ಮೀಟರು ರಿಪೇರಿಯ ರಿಫತ್ ಉಸ್ತಾ ಎಂಬ ಮುದುಕರಿಗೆ ಮಧ್ಯಾಹ್ನದ ಸಾರು ಒಯ್ದುಕೊಡುವುದು ಇವರ ಪಾಲು. ಒಂದು ದಿನ ಮುದುಕರ ಕೈ ನಡುಗಿ ಸಾಸಿವೆಗಿಂತ ಸಣ್ಣ ಸ್ಕ್ರೂ ಒಂದು ನಾಲ್ಕನೇ ಸಲ ಬಿತ್ತು. "ತಟ್ಟೆ ಇಡು ಮಗಳೇ, ಈ ಚಿಮಟ ಹಿಡಿ" ಎಂದರು. ಗುಲ್ಸುಮ್ ಹಿಡಿದರು. ಮದುವೆಗೆ ಮುಂಚೆ ತವರಿನಲ್ಲಿ ರತ್ನಗಂಬಳಿಗೆ ಗಂಟು ಹಾಕಿದ ಬೆರಳುಗಳು ಅವು, ಸ್ಕ್ರೂ ಮೊದಲ ಸಲಕ್ಕೇ ಕೂತಿತು. ಅವತ್ತಿನ ಸಾರು ಆರಿಹೋಯಿತಂತೆ. ಮುದುಕರು ಕಣ್ಣಾಗಿ, ಇವರು ಕೈಯಾಗಿ, ಇಬ್ಬರೂ ಸೇರಿ ಒಬ್ಬ ಉಸ್ತಾ ಆಗಿ ವರ್ಷಗಟ್ಟಲೆ ದುಡಿದರು. ರಿಫತ್ ಉಸ್ತಾ ಹೋಗುವ ಮುಂಚೆ ಇವರನ್ನು ಪರೀಕ್ಷೆಗೆ ಕೂರಿಸಿ, ಸೀಲು ಒತ್ತುವ ಪರವಾನಗಿ ಕೊಡಿಸಿಯೇ ಹೋದರು.

"ಮೊದಮೊದಲು ಡ್ರೈವರುಗಳು ಒಳಗೆ ಇಣುಕಿ, ಉಸ್ತಾ ಇಲ್ವಾ ಅಂತ ಕೇಳೋರು," ಎಂದು ಗುಲ್ಸುಮ್ ನಗುತ್ತಾರೆ. "ನಾನೇ ಅಂದ್ರೆ ಮೀಟರ್ ಕಂಕುಳಲ್ಲಿ ಇಟ್ಕೊಂಡು ವಾಪಸ್ ಹೋಗೋರು. ಆಮೇಲೆ ಬುದ್ಧಿ ಬಂತು. ಟೀ ಕುಡಿಯೋಕೆ ಹೋಗಿದ್ದಾರೆ, ಇಟ್ಟು ಹೋಗಣ್ಣಾ ಅನ್ನೋಕೆ ಶುರು ಮಾಡ್ದೆ. ಸಂಜೆ ಬಂದು, ನಿಮ್ಮ ಉಸ್ತಾ ಕೈಗೆ ಆಯುಷ್ಯ ಬರಲಿ ಅಂತ ಹರಸಿ ಹೋಗೋರು. ಹರಕೆ ನನಗೇ ತಾನೆ ಬಂದಿದ್ದು!"

ಆಗ ಬಾಗಿಲ ಮುಂದೆ ಲಾರಿಗಳ ಸಾಲು ಹೆದ್ದಾರಿಯವರೆಗೂ ನಿಲ್ಲುತ್ತಿತ್ತು. ಈಗ ಹೊಸ ಲಾರಿಗಳಲ್ಲಿ ಬರುವುದು ಬಿಚ್ಚಲಾಗದ ಪೆಟ್ಟಿಗೆ, ಕೆಟ್ಟರೆ ಕಿತ್ತು ಬೇರೆ ಹಾಕುವುದೇ. ಇವರ ಬಳಿಗೆ ದಿನಕ್ಕೆ ಒಂದೋ ಎರಡೋ ಬಂದರೆ ಹೆಚ್ಚು. ಕೆಲವು ದಿನ ಯಾರೂ ಬರುವುದಿಲ್ಲ, ಆಗ ಅಕ್ಕಪಕ್ಕದವರ ಗೋಡೆ ಗಡಿಯಾರ ಬಿಚ್ಚಿಟ್ಟುಕೊಂಡು ಕೂರುತ್ತಾರೆ.

"ನಡಿ, ಒಂದು ಸುತ್ತು ಹೋಗೋಣ. ನೀನೇ ಓಡಿಸು," ಎಂದು ಉಸ್ತಾ ಪಕ್ಕದ ಸೀಟಿಗೆ ಸರಿಯುತ್ತಾರೆ. ಲಾರಿ ಗ್ಯಾರೇಜು ಸಾಲು ದಾಟಿ ನೆಟ್ಟನೆಯ ರಸ್ತೆಗೆ ಬೀಳುತ್ತದೆ. ಮುಳ್ಳು ಕುಣಿಯುತ್ತ ಏರಿ ಅರವತ್ತೈದರ ಹತ್ತಿರ ನಿಲ್ಲುತ್ತದೆ. ಅಷ್ಟರಲ್ಲಿ ಹಿಂದಿನಿಂದ ಪೀಂ ಪೀಂ ಎಂಬ ಸದ್ದು. ತಲೆಯ ಮೇಲೆ ಎಳ್ಳು ಮೆತ್ತಿದ ಬಳೆಯಾಕಾರದ ಸಿಮಿತ್ ರೊಟ್ಟಿಗಳ ತಟ್ಟೆ ಹೊತ್ತು ಮಾರುವ ಬೆಕಿರ್ ತನ್ನ ಮೊಪೆಡ್ಡಿನಲ್ಲಿ ಲಾರಿಯ ಪಕ್ಕಕ್ಕೆ ಬಂದು, ಒಂದು ಕೈಯಲ್ಲಿ ತಟ್ಟೆ ಹಿಡಿದು, ಇನ್ನೊಂದರಲ್ಲಿ ಹ್ಯಾಂಡಲ್ ಹಿಡಿದು, ಹಲ್ಲು ಕಿರಿದು, ಮುಂದೆ ಹೋಗಿಯೇ ಬಿಡುತ್ತಾನೆ.

"ನೋಡಿದ್ಯಾ?" ಹಿದಾಯತ್ ಕಪ್ತಾನರು ಮೊಪೆಡ್ಡಿನತ್ತ ಗದ್ದ ತೋರಿಸುತ್ತಾರೆ. "ಇದನ್ನೇ ನಾನು ಹೇಳಿದ್ದು."

ಗುಲ್ಸುಮ್ ಉಸ್ತಾ ಮಾತ್ರ ಸೀಟಿನಿಂದ ಹಾರಿ ಬೀಳುವುದೊಂದು ಬಾಕಿ. "ನಿಲ್ಲಿಸು! ನಿಲ್ಲಿಸಣ್ಣಾ! ಬೆಕಿರ್‌ನ ಮೊಪೆಡ್ ಹುಟ್ಟಿದಾಗಿನಿಂದ ನಲವತ್ತು ದಾಟಿಲ್ಲ. ಇಳಿಜಾರಲ್ಲಿ ಕೂಡ ದಾಟಲ್ಲ. ಅದು ನಿನ್ನ ದಾಟ್ತು ಅಂದ್ರೆ ನೀನು ಅರವತ್ತೈದರಲ್ಲಿ ಹೆಂಗಣ್ಣಾ ಇರ್ತೀಯಾ? ನಿನ್ನ ಕಿವಿ ಹೋಗಿಲ್ಲ, ಮುಳ್ಳು ಹೋಗಿದೆ!"

ಕಪ್ತಾನರು ಬಾಯಿ ತೆರೆದು ಮುಳ್ಳನ್ನೂ ರಸ್ತೆಯನ್ನೂ ನೋಡುತ್ತ ಕೂರುತ್ತಾರೆ. ಇಷ್ಟು ವರ್ಷ ಕಿವಿಯನ್ನು ನಂಬಿ ಓಡಿಸಿದವರು, ಕಿವಿ ಒಂದು ಹೇಳಿ ಮುಳ್ಳು ಇನ್ನೊಂದು ಹೇಳಿದಾಗ ಮುಳ್ಳಿನ ಪಕ್ಷ ವಹಿಸಿದ್ದರು. ವಯಸ್ಸಾಯಿತೆಂದು ನಾಲ್ಕು ಜನ ಹೇಳತೊಡಗಿದರೆ ಯಾರಾದರೂ ಹಾಗೇ ಮಾಡುತ್ತಾರೆ.

ಅಂಗಡಿಗೆ ವಾಪಸಾಗಿ ಕೇಬಲ್ಲು ಎಳೆದರೆ ರಹಸ್ಯ ಬೆರಳಿಗೇ ಮೆತ್ತಿಕೊಳ್ಳುತ್ತದೆ. ತುದಿಯಿಂದ ತುದಿಗೆ ಗ್ರೀಸು, ಮುದ್ದೆ ಮುದ್ದೆ.

"ಯಾರು ಹಾಕಿದ್ದು ಇಷ್ಟೊಂದು?"

"ನಾನೇ... ಬೇಸಿಗೆ ಕೊನೇಲಿ ಕಿರಕಿರ ಅಂತಿತ್ತು. ಪಾಪ ಅಂತ ಅರ್ಧ ಡಬ್ಬಿ ತುಂಬಿಸ್ದೆ."

"ಪಾಪ ಅಂತೆ! ಕೇಬಲ್‌ಗೆ ಗ್ರೀಸ್ ಹಾಕೋದು ಕಣ್ಣಿಗೆ ಕಾಡಿಗೆ ಹಚ್ಚಿದಷ್ಟಿರಬೇಕು, ಅದೂ ಕೆಳಗಿನ ಭಾಗಕ್ಕೆ ಮಾತ್ರ. ತಂತಿ ತಿರುಗ್ತಾ ತಿರುಗ್ತಾ ಗ್ರೀಸನ್ನ ಮೇಲಕ್ಕೆ ಏರಿಸ್ಕೊಂಡು ಹೋಗುತ್ತೆ. ಮೀಟರ್ ಒಳಗೆ ಅಯಸ್ಕಾಂತ ತಿರುಗುತ್ತೆ, ಅದರ ಸುತ್ತ ಒಂದು ಬಟ್ಟಲು. ಎರಡೂ ಒಂದಕ್ಕೊಂದು ತಾಗಲೇಬಾರದು. ಮಧ್ಯೆ ಗ್ರೀಸ್ ಕೂತ್ರೆ ಬಟ್ಟಲನ್ನ ಎಳ್ಕೊಂಡು ಹೋಗುತ್ತೆ, ಮುಳ್ಳು ಮೇಲಕ್ಕೆ ಹಾರುತ್ತೆ. ಪ್ರೀತಿ ಜಾಸ್ತಿಯಾಗಿ ಕೆಟ್ಟಿರೋ ಮೀಟರ್ ಇದು ಕಪ್ತಾನ!"

ಬೈಗುಳವೇನೋ ಸುಲಭ, ಕೆಲಸ ಸುಲಭವಲ್ಲ. ಬಟ್ಟಲನ್ನು ಹಿಡಿದಿಡುವುದು ಕೂದಲೆಳೆಯ ಒಂದು ಸ್ಪ್ರಿಂಗು. ಅದೂ ಗ್ರೀಸಿನಲ್ಲಿ ಮುಳುಗಿ ಸುತ್ತುಗಳೆಲ್ಲ ಒಂದಕ್ಕೊಂದು ಅಂಟಿವೆ. ಬಿಡಿಸುವಾಗ ಚೂರು ನುಲಿದರೂ ಮೀಟರಿನ ಕಥೆ ಮುಗಿಯಿತು, ಆ ಸ್ಪ್ರಿಂಗನ್ನು ಈಗ ಯಾರೂ ಮಾಡುವುದಿಲ್ಲ. ಮೀಟರಿಲ್ಲದೆ ಈ ಲಾರಿ ರಸ್ತೆಗೆ ಇಳಿಯುವಂತಿಲ್ಲ, ಗುಜರಿಗೇ ಸೈ. ಮೇಜು ಅದುರದಿರಲೆಂದು ಉಸ್ತಾ ಪಕ್ಕದಂಗಡಿಯಲ್ಲಿ ತಗಡು ಬಡಿಯುವವನಿಗೆ ಸುತ್ತಿಗೆ ಕೆಳಗಿಡಲು ಕೂಗಿ ಹೇಳುತ್ತಾರೆ. ತಲೆವಸ್ತ್ರದ ತುದಿ ಹಿಂದಕ್ಕೆ ಕಟ್ಟುತ್ತಾರೆ. ಪೆಟ್ರೋಲಿನಲ್ಲಿ ಅದ್ದಿದ ಕುಂಚದ ತುದಿಯಿಂದ ಹೊರಸುತ್ತಿನಿಂದ ಒಳಸುತ್ತಿಗೆ, ಒಂದೊಂದಾಗಿ ಬಿಡಿಸುತ್ತ ಹೋಗುತ್ತಾರೆ. ತಂದಿಟ್ಟ ಟೀ ಆರುತ್ತದೆ. ಬಾಗಿಲ ಬಳಿ ನಿಂತ ಕಪ್ತಾನರು ಬೆಳಕಿಗೆ ಅಡ್ಡವಾಗದಂತೆ ಪಕ್ಕಕ್ಕೆ ಸರಿಯುತ್ತಾರೆ.

ಕೊನೆಯ ಸುತ್ತು ಬಿಟ್ಟುಕೊಳ್ಳುತ್ತದೆ. ಸ್ಪ್ರಿಂಗು ಸಣ್ಣಗೆ ನಡುಗಿ, ಅರಳಿ, ತನ್ನ ಜಾಗದಲ್ಲಿ ಕೂರುತ್ತದೆ. "ಓಹೋ, ಬಂದ್ಯಾ ನನ್ನ ಚಿನ್ನಾ!" ಎಂದು ಉಸ್ತಾ ಮೇಜು ಕುಟ್ಟುತ್ತಾರೆ. ಪಕ್ಕದಂಗಡಿಯವನು ಅದೇ ಅಪ್ಪಣೆಯೆಂದು ಮತ್ತೆ ತಗಡು ಬಡಿಯತೊಡಗುತ್ತಾನೆ. ಮೀಟರನ್ನು ಪರೀಕ್ಷೆಯ ಮೋಟಾರಿಗೆ ಕೂಡಿಸಿದರೆ ಮುಳ್ಳು ನಲವತ್ತಕ್ಕೆ ನಲವತ್ತು, ಅರವತ್ತಕ್ಕೆ ಅರವತ್ತು, ಒಂದಿಷ್ಟೂ ಕುಣಿತವಿಲ್ಲ. ಒರೆಸಿ ಒಣಗಿಸಿದ ಕೇಬಲ್ಲು ಸೇರಿಸಿ, ಸೀಸದ ಗುಂಡಿಗೆ ತಂತಿ ಪೋಣಿಸಿ, ತಮ್ಮ ಗುರುತಿನ ಇಕ್ಕಳದಿಂದ ಒತ್ತುತ್ತಾರೆ. ಸೀಲು ಬಿತ್ತು.

ಜೆವ್ದೆತ್ ಹೇಳಿದ ಹೊತ್ತಿಗೇ ಬರುತ್ತಾನೆ. ಲಾರಿಯ ಸುತ್ತ ಒಂದು ಸುತ್ತು ಹಾಕಿ ಟೈರಿಗೆ ಒದೆಯುತ್ತಾನೆ.

"ಸೀಲ್ ಆಯ್ತಾ? ಹಾಗಾದ್ರೆ ಕೀಲಿ ಕೊಡಿ ಅಣ್ಣಾ, ಕೈ ಮಿಲಾಯಿಸೋಣ."

ಹಿದಾಯತ್ ಕಪ್ತಾನರು ಕೀಲಿಯನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. "ಮಾರೋಲ್ಲ."

"ಅರೆ! ವಯಸ್ಸಾಯ್ತು, ಆಗಲ್ಲ ಅಂತ ನೀವೇ ಹೇಳಿದ್ರಲ್ಲ?"

"ನಾನಲ್ಲ ತಮ್ಮಾ. ಮುಳ್ಳು ಹೇಳಿದ್ದು."

ಜೆವ್ದೆತ್‌ಗೆ ತಲೆಬುಡ ತಿಳಿಯುವುದಿಲ್ಲ. ಸಿಟ್ಟಿನಿಂದ ಗೊಣಗಿಕೊಂಡು, ಕೊಟ್ಟ ಟೀಯನ್ನು ಮಾತ್ರ ಬಿಡದೆ ಕುಡಿದು ಹೊರಡುತ್ತಾನೆ. ಕಪ್ತಾನರು ಅರ್ಧ ಗಂಟೆಯೂ ಕಾಯದೆ ನಿಂಬೆ ತೋಟದ ಕಡೆ ಲಾರಿ ತಿರುಗಿಸುತ್ತಾರೆ.

ಮರುದಿನ ಗುಲ್ಸುಮ್ ಉಸ್ತಾ ಗಡಿಯಾರವೊಂದನ್ನು ಬಿಚ್ಚಿಕೊಂಡು ಕೂತಿರುವಾಗ ಫೋನು ಬರುತ್ತದೆ. ಬೆಟ್ಟದ ಮೇಲಿನ ಪೊಜಾಂತಿಯಲ್ಲಿ ಲಾರಿ ನಿಲ್ಲಿಸಿ ಹಿದಾಯತ್ ಕಪ್ತಾನರು ಕೂಗುತ್ತಿದ್ದಾರೆ, ಗಾಳಿಯ ಸದ್ದೂ ಅವರ ಸದ್ದೂ ಒಂದಾಗಿದೆ. ಜೊತೆಗೆ ತುಂಬಿಸಿದವರೆಲ್ಲ ಹಿಂದೆ ಉಳಿದರಂತೆ. ಎಂಜಿನ್ನು ಮೊದಲಿನ ಹಾಗೆ ಹಾಡುತ್ತಿದೆಯಂತೆ. ಆಮೇಲೆ ದನಿ ಇದ್ದಕ್ಕಿದ್ದಂತೆ ತಗ್ಗುತ್ತದೆ.

"ಉಸ್ತಾ, ಸಪಾಟು ರಸ್ತೇಲಿ ಮುಳ್ಳು ಎಂಬತ್ತು ತೋರಿಸ್ತು. ನಿಜವಾಗ್ಲೂ ಎಂಬತ್ತೇ ತಾನೆ?"

"ಎಂಬತ್ತು ಅಂದ್ರೆ ಎಂಬತ್ತು ಕಣಣ್ಣಾ."

ಆ ಕಡೆಯಿಂದ ಮೂಗು ಒರೆಸಿಕೊಳ್ಳುವ ಸದ್ದು ಬರುತ್ತದೆ. ಅಳುತ್ತಿದ್ದಾರೆಂದು ಉಸ್ತಾರಿಗೆ ಗೊತ್ತಾಗುತ್ತದೆ, ಫೋನನ್ನು ಕಿವಿಗೆ ಒತ್ತಿ ಹಿಡಿಯುತ್ತಾರೆ. ಫೋನು ಇಟ್ಟ ಮೇಲೆ ತಮ್ಮ ಕಣ್ಣನ್ನೂ ತೋಳಿನಿಂದ ಒರೆಸಿಕೊಂಡು, ಬಿಚ್ಚಿಟ್ಟ ಗಡಿಯಾರದ ಕಡೆ ಬಾಗುತ್ತಾರೆ.

"ಇಷ್ಟು ವರ್ಷ ನಾನು ಮಾಡಿದ್ದು ಇಷ್ಟೇ," ಎಂದುಕೊಳ್ಳುತ್ತಾರೆ. "ಎಂಬತ್ತನ್ನ ಎಂಬತ್ತು ಅನ್ನೋ ಹಾಗೆ ಮಾಡಿದ್ದೀನಿ."