ಪೀರಪ್ಪ ಮಾಸ್ತರರಿಗೆ ಸಿಕ್ಕ ಶಾಸನ

ಸೇಡಂನ ಪೀರಪ್ಪ ಮಾಸ್ತರರು ಸಾಲಿಯಲ್ಲಿ ಇತಿಹಾಸ ಕಲಿಸುವುದು ನಿಂತು ಆರು ವರ್ಷವಾದರೂ ಮನೆಯಲ್ಲಿ ಪಾಠ ನಡೆದೇ ಇದೆ. ಹಾಲು ಉಕ್ಕಿದರೆ, "ಗಡಿ ಕಾಯಲಾರದ್ದಕ್ಕ ರಾಷ್ಟ್ರಕೂಟರೂ ಹಿಂಗ ಹ್ವಾದ್ರು" ಎಂದು ಹೆಂಡತಿ ಸಾಬಮ್ಮನಿಗೆ ಕುರ್ಚಿಯಿಂದಲೇ ಬೋಧಿಸುವರು. ಒಲೆ ಆರಿಸಲು ಮಾತ್ರ ಏಳರು. ಗೀರು ಬಿದ್ದ ಕಲ್ಲೆಲ್ಲ ಅವರಿಗೆ ಶಾಸನವೇ. ಒಮ್ಮೆ ಎಮ್ಮೆ ಮೈ ತಿಕ್ಕಿ ಗೀರಿದ ಕಂಬವನ್ನು ಸಾವಿರ ವರ್ಷ ಹಳೆಯದೆಂದು ಸಾಧಿಸಿದರು. ಎಮ್ಮೆ ಮತ್ತೆ ಬಂದು ತಿಕ್ಕಿದಾಗ ಎಮ್ಮೆಯ ವಯಸ್ಸನ್ನೂ ಏರಿಸಿದರು. ಶಾಸನ ಹುಡುಕುತ್ತ ಊರೂರು ಅಲೆದವರು ನಲವತ್ತು ವರ್ಷದ ಸಂಸಾರದಲ್ಲಿ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ಮೊನ್ನೆ ಅಲ್ಲಿನ ಶಹಾಬಾದ ಕಲ್ಲು ಕಿತ್ತು ಟೈಲ್ಸ್ ಹಾಕಲು ಗೌಂಡಿ ಬಂದಾಗ, ಮೇಲುಸ್ತುವಾರಿಗೆಂದು ಒಳಗೆ ಕಾಲಿಟ್ಟರು. ಒಲೆಯ ಮುಂದಿನ ಕಲ್ಲೊಂದು ಗುಬ್ಬಿ ಮೀಯುವಷ್ಟು ತಗ್ಗಾಗಿ ಸವೆದು ಹೊಳೆಯುತ್ತಿತ್ತು. "ಇದೇನಿದು?" ಎಂದರು. "ನಾ ಕುಂದ್ರೋ ಜಾಗಾರಿ. ರೊಟ್ಟಿ ಬಡೀಲಿಕತ್ತಿ ನಲವತ್ತು ವರ್ಷ ಆತಲ್ಲ," ಎಂದಳು ಸಾಬಮ್ಮ. ಮಾಸ್ತರರು ಮೊದಲ ಸಲ ಯಾವ ರಾಜನನ್ನೂ ನೆನೆಯದೆ ಆ ತಗ್ಗಿನಲ್ಲೇ ಕುಳಿತುಬಿಟ್ಟರು. ಗೌಂಡಿ ಹಾರೆ ಎತ್ತಿದ. "ಈ ಕಲ್ಲು ಮುಟ್ಟಬ್ಯಾಡೋ, ಶಾಸನ ಅದ!" ಎಂದು ಚೀರಿದರು. "ಶಾಸನ ಇರ್ಲಿ ಬಿಡ್ರಿ," ಎನ್ನುತ್ತ ಸಾಬಮ್ಮ ಹಿಟ್ಟಿನ ಪರಾತ ಅವರ ಮುಂದೆ ತಳ್ಳಿದಳು, "ಕುಂತೀರಿ ಅಂದಮ್ಯಾಲ ಎರಡು ರೊಟ್ಟಿ ಬಡೀರಿ."