ಮನೆ ಮಾಲೀಕರನ್ನು ಹುಡುಕಿಕೊಂಡು ಹೊಸಬಾಳೆಗೆ

ಅಡುಗೆಮನೆಯ ಸ್ವಿಚ್ ಬೋರ್ಡ್ ಮುಟ್ಟಿ ಅತ್ತೆಗೆ ಷಾಕ್ ಹೊಡೆದ ದಿನವೇ ನಾವಿಬ್ಬರೂ ಬಸ್ಸು ಹತ್ತಿದೆವು.

ಶಿಕಾರಿಪುರದಲ್ಲಿ ನಾವು ಬಾಡಿಗೆಗಿದ್ದ ಮನೆ ಅದು. ತಾರಸಿಯ ಮೇಲಿನ ನೀರಿನ ಟ್ಯಾಂಕು ತಳದಲ್ಲಿ ಸೀಳುಬಿಟ್ಟು, ನೀರು ಗೋಡೆಯೊಳಗೆ ಇಳಿಯುತ್ತಿತ್ತು. ಸುಡುವ ಬೇಸಿಗೆಯಲ್ಲೂ ಅಡುಗೆಮನೆಯ ಗೋಡೆ ಒದ್ದೆ. ಮೊದಲು ಸುಣ್ಣ ಉಬ್ಬಿತು, ಆಮೇಲೆ ಗಾರೆ ಅಂಗೈಯಗಲದ ತುಂಡುಗಳಾಗಿ ಬೀಳತೊಡಗಿತು. ಒಂದು ತುಂಡು ನೇರ ಕುದಿಯುವ ಸಾರಿಗೇ ಬಿತ್ತು.

ಮಾಲೀಕರು ಸೊರಬ ತಾಲ್ಲೂಕಿನ ಹೊಸಬಾಳೆಯ ರೈತರು. ಮನೆ ಕೊಡುವಾಗ ನನ್ನ ಗಂಡನನ್ನು ಒಂದು ಸಲ ಕಂಡಿದ್ದರು, ಅಷ್ಟೇ. ನನ್ನನ್ನಾಗಲಿ ಅತ್ತೆಯನ್ನಾಗಲಿ ಅವರು ನೋಡಿರಲಿಲ್ಲ. ಫೋನ್ ಮಾಡಿದರೆ ರಿಂಗಾಗಿ ರಿಂಗಾಗಿ ನಿಂತುಹೋಗುತ್ತಿತ್ತು. ಗೋಡೆಯ ಫೋಟೋ ಕಳಿಸಿದರೆ ನೋಡಿದ ಗುರುತು ಮಾತ್ರ ಬರುತ್ತಿತ್ತು. ಒಮ್ಮೆ ಕೈಮುಗಿದ ಚಿತ್ರವೊಂದನ್ನು ಕಳಿಸಿದ್ದರು. ಅದು ನಮಸ್ಕಾರವೋ, ಕ್ಷಮಿಸಿ ಎಂದೋ, ಸಾಕು ಬಿಡಿ ಎಂದೋ ನಮಗೆ ಗೊತ್ತಾಗಲಿಲ್ಲ. ನನ್ನ ಗಂಡ ಬಿತ್ತನೆ ಬೀಜದ ಮಾರಾಟಕ್ಕಾಗಿ ಊರೂರು ತಿರುಗುವವರು. "ಮುಂದಿನ ವಾರ ನಾನೇ ಹೋಗಿ ಬರ್ತೀನಿ" ಎನ್ನುತ್ತಿದ್ದರು. ಆ ವಾರ ಬರುತ್ತಲೇ ಇರಲಿಲ್ಲ.

ಅಂದು ಅತ್ತೆ ಮಿಕ್ಸಿ ಹಾಕಲು ಹೋದವರು "ಅಯ್ಯಯ್ಯೋ!" ಎಂದು ಹಿಂದಕ್ಕೆ ಹಾರಿದರು. ಓಡಿಹೋಗಿ ಹಿಡಿದುಕೊಂಡೆ. ಪುಣ್ಯಕ್ಕೆ ಏನೂ ಆಗಿರಲಿಲ್ಲ. ನೀರು ಕುಡಿದು, ಸುಧಾರಿಸಿಕೊಂಡು, ಅವರು ಹೇಳಿದ ಮೊದಲ ಮಾತು: "ಸೀರೆ ಬದಲಾಯಿಸ್ಕ. ಹೊಸಬಾಳಿಗೆ ಹೋಗಿ ಬರನ."

"ಈಗ್ಲೇನಾ ಅತ್ತೆ?"

"ಮತ್ಯಾವಾಗ? ಎಲ್ಲಾರೂ ಸತ್ತ ಮ್ಯಾಲಾ?"

ಬಿದ್ದ ಗಾರೆಯ ದೊಡ್ಡದೊಂದು ತುಂಡನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ನಾನು ರೇಷ್ಮೆ ಅಂಚಿನ ಸೀರೆ ಉಟ್ಟೆ. ಜಗಳಕ್ಕೆ ಹೋಗುವಾಗ ಚೆನ್ನಾಗಿ ಕಾಣಬೇಕೆಂದು ಯಾಕೋ ಅನ್ನಿಸಿತು. ಜನ್ಮದಲ್ಲಿ ಒಬ್ಬರ ಮನೆಗೆ ಹೋಗಿ ದನಿ ಏರಿಸಿದವಳಲ್ಲ ನಾನು. ಹೆದರಿಕೆಯೇನೋ ಇತ್ತು. ಆದರೆ ಅದೊಂದೇ ಅಲ್ಲ. ಶಾಲೆಯಿಂದ ಪ್ರವಾಸಕ್ಕೆ ಹೊರಟ ಮಕ್ಕಳ ಹುರುಪು ನಮ್ಮಿಬ್ಬರಿಗೂ ಹತ್ತಿಬಿಟ್ಟಿತ್ತು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಅತ್ತೆ ಬಿಸಿ ಮಿರ್ಚಿ ಕೊಡಿಸಿದರು. ಸೊರಬದ ಬಸ್ಸಿನಲ್ಲಿ ಕೂತು ಅದನ್ನು ತಿನ್ನುತ್ತ, ಯಾರು ಏನು ಮಾತಾಡಬೇಕೆಂದು ಹಂಚಿಕೊಂಡೆವು. ನಾನು ಮೆತ್ತಗೆ ಶುರುಮಾಡುವುದು, ಅವರು ನಡುವೆ ಹಾರುವುದು.

ಸೊರಬದಿಂದ ಆಟೋ ಹಿಡಿದು ಹೊಸಬಾಳೆಗೆ ಹೋದೆವು. ಮಾಲೀಕರ ಮನೆ ಕೇಳುತ್ತ ಹೋದರೆ ಬಾಗಿಲಿಗೆ ಹಸಿರು ತೋರಣ, ಅಂಗಳದಲ್ಲಿ ಆಗಷ್ಟೇ ಬಿಡಿಸಿದ ರಂಗೋಲಿ. ಬಿಳಿ ಪಂಚೆಯುಟ್ಟ, ಹಣೆಯ ತುಂಬ ವಿಭೂತಿ ಬಳಿದಿದ್ದ ದಪ್ಪ ಮನುಷ್ಯರೊಬ್ಬರು ನಮ್ಮನ್ನು ಕಂಡದ್ದೇ ಮೆಟ್ಟಿಲಿಳಿದು ಬಂದರು.

"ಬನ್ನಿ ಬನ್ನಿ, ಒಳಗೆ ಬನ್ನಿ! ದಾರಿ ಸುಲಭ ಸಿಕ್ತಲ್ಲ? ಲೇ, ಬಂದ್ರು ನೋಡೇ, ನೀರು ತಗಂಡ್ ಬಾ!"

ನಾನು ಕಲಿತುಕೊಂಡಿದ್ದ ಮೊದಲ ಮಾತೇ ಮರೆತುಹೋಯಿತು. ಮಾಲೀಕರ ಹೆಂಡತಿ ಕಾಲಿಗೆ ನೀರು ಕೊಟ್ಟರು. ಮೆತ್ತನೆಯ ಹಾಸು ಹಾಕಿದ ಕುರ್ಚಿಯಲ್ಲಿ ಕೂರಿಸಿ, ನಿಂಬೆ ಪಾನಕ ಕೊಟ್ಟರು. ಇಷ್ಟು ದಿನ ಫೋನೇ ಎತ್ತದವರು ಹೀಗೆ ಉಪಚರಿಸುತ್ತಾರಲ್ಲ ಎಂದು ಅತ್ತೆಯ ಮುಖ ನೋಡಿದೆ. ಅವರು ಪಾನಕ ಮುಗಿಸುವುದರಲ್ಲಿದ್ದರು.

"ಹುಡುಗ ಹಿಂದಿನಿಂದ ಬರ್ತಾ ಇದಾನಾ?" ಎಂದು ಮಾಲೀಕರು ಕೇಳಿದಾಗ ನನಗೆ ಹೊಳೆಯಿತು. ಅಂದು ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ನಾವೇ ಅವರೆಂದು ಇವರು ತಿಳಿದುಬಿಟ್ಟಿದ್ದರು.

ಅತ್ತೆ ಲೋಟ ಕೆಳಗಿಟ್ಟರು. ಚೀಲದಿಂದ ಪೇಪರಿನ ಗಂಟು ತೆಗೆದು, ಬಿಚ್ಚಿ, ಗಾರೆಯ ತುಂಡನ್ನು ಹಣ್ಣಿನ ತಟ್ಟೆಯ ಪಕ್ಕ ಇಟ್ಟರು.

"ನಾವು ಗಂಡಿನ ಕಡೆಯೋರಲ್ರೀ. ನಿಮ್ಮ ಶಿಕಾರಿಪುರದ ಮನೆಯಾಗೆ ಇರೋರು. ಇದು ನಿಮ್ಮ ಗೋಡೆ."

ಅಷ್ಟರಲ್ಲಿ ಅಂಗಳದಲ್ಲಿ ಕಾರಿನ ಹಾರ್ನ್! ನಿಜವಾದ ಗಂಡಿನ ಕಡೆಯವರು ಬಂದೇಬಿಟ್ಟಿದ್ದರು. ಮಾಲೀಕರು ಬಾಗಿಲ ಕಡೆ ನೋಡಿದರು, ಗಾರೆಯ ಕಡೆ ನೋಡಿದರು, ಅತ್ತೆಯ ಮುಂದೆ ಎರಡೂ ಕೈ ಜೋಡಿಸಿದರು.

"ಅಮ್ಮಾ, ಇವತ್ತೊಂದಿನ…"

ಈಗ ಅತ್ತೆ ಹಾರುತ್ತಾರೆ ಎಂದುಕೊಂಡೆ. ಅವರು ಗಾರೆಯನ್ನು ಸರಕ್ಕನೆ ಚೀಲಕ್ಕೆ ತುಂಬಿ, ಟೀಪಾಯಿಯ ಮೇಲಿನ ಪುಡಿಯನ್ನು ಸೆರಗಿನಿಂದ ಒರೆಸಿ, "ಅಡಿಗಿ ಮನಿ ಎಲ್ಲೈತ್ರೀ?" ಎಂದು ಮಾಲೀಕರ ಹೆಂಡತಿಯನ್ನು ಕೇಳಿದರು.

ಒಳಗೆ ಆ ತಾಯಿ ಒಬ್ಬರೇ ಒದ್ದಾಡುತ್ತಿದ್ದರು. ಉಪ್ಪಿಟ್ಟಿಗೆ ಒಗ್ಗರಣೆ ಇನ್ನೂ ಬಿದ್ದಿರಲಿಲ್ಲ. ಅತ್ತೆ ಸೌಟು ಕೈಗೆ ತೆಗೆದುಕೊಂಡರು, ನಾನು ತಟ್ಟೆಗಳನ್ನು ಒರೆಸಿದೆ. ರವೆ ಕೆದಕುತ್ತಲೇ ಅತ್ತೆ ಟ್ಯಾಂಕು, ಗೋಡೆ, ಷಾಕು ಎಲ್ಲ ಹೇಳಿ ಮುಗಿಸಿದರು. "ಷಾಕ್ ಹೊಡೀತಾ? ಶಿವನೇ! ನನ್ನ ಹತ್ರ ಇವರು ಒಂದು ಮಾತೂ ಹೇಳಿಲ್ಲ ಮಾರಾಯ್ರೆ" ಎಂದು ಆಕೆ ಹಣೆಗೆ ಕೈ ಹಚ್ಚಿಕೊಂಡರು. ಮೂಲೆಯಲ್ಲಿ ಹೂ ಮುಡಿದು ನಿಂತಿದ್ದ ಮಗಳು, "ಅಪ್ಪಂಗೆ ಫೋನ್ ಬಂದ್ರೆ ಎದ್ದು ಕಣದ ಕಡೆ ಹೋಗ್ತಿದ್ರು, ಇದಕ್ಕೇನಾ?" ಎಂದಳು. ನಗು ತಡೆಯಲು ನಾನು ಸೆರಗು ಕಚ್ಚಿಕೊಳ್ಳಬೇಕಾಯಿತು.

ತಟ್ಟೆಗಳನ್ನು ಹಿಡಿದು ನಾವು ಹೊರಗೆ ಬಂದಾಗ ಹುಡುಗನ ತಂದೆ ವಿಚಾರಿಸಿದರು. "ಇವರು ನಿಮ್ಮ ನೆಂಟರಾ?"

"ನಮ್ಮ ಶಿಕಾರಿಪುರದ ಮನೇಲಿ ಬಾಡಿಗೆಗೆ ಇರೋರು" ಎಂದರು ಮಾಲೀಕರು.

"ಓಹೋ! ಬಾಡಿಗೆಯವರೂ ಬಂದು ಕೆಲಸಕ್ಕೆ ನಿಂತಿದಾರೆ ಅಂದ್ರೆ ಭಾರಿ ವಿಶ್ವಾಸನೇ ಸೈ. ಏನಮ್ಮಾ, ಮಾಲೀಕರು ಚೆನ್ನಾಗಿ ನೋಡ್ಕಳ್ತಾರಾ?"

ಮಾಲೀಕರು ನೆಲ ನೋಡುತ್ತಿದ್ದರು. ಅತ್ತೆ ನಿಧಾನವಾಗಿ ಉಪ್ಪಿಟ್ಟಿನ ತಟ್ಟೆಯನ್ನು ಹುಡುಗನ ತಂದೆಯ ಕೈಗಿಟ್ಟರು.

"ನೋಡ್ಕಳ್ತಾರ್ರೀ. ಅಡಿಗಿ ಮನಿ ಗೋಡಿ ಸ್ವಲ್ಪ ಕೆಟ್ಟೈತಿ. ನಾಳೆ ಬೆಳಿಗ್ಗೆನೇ ಗಾರೆ ಕೆಲಸದೋರನ್ನ ಕರ್ಕಂಡು ಖುದ್ದು ಬರ್ತೀನಿ ಅಂದಾರ. ಹೌದಲ್ರೀ ಯಜಮಾನ್ರೆ?"

"ಹೌದು, ಹೌದು" ಎಂದರು ಮಾಲೀಕರು. "ನಾಳೆ. ಬೆಳಿಗ್ಗೆನೇ."

ವಾಪಸ್ಸು ಬರುವ ಬಸ್ಸಿನಲ್ಲಿ ನಾವು ನಕ್ಕ ನಗುವಿಗೆ ಕಂಡಕ್ಟರು ಎರಡೆರಡು ಸಲ ತಿರುಗಿ ನೋಡಿದರು. ಮದುವೆಯಾಗಿ ಬಂದ ಮೇಲೆ ಅತ್ತೆಯ ಜೊತೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅದೇ ಮೊದಲು. ಆದರೂ ಮಾಲೀಕರು ಬರುತ್ತಾರೆಂದು ನನಗೆ ನಂಬಿಕೆಯಿರಲಿಲ್ಲ.

ಮರುದಿನ ನಾವು ಏಳುವ ಹೊತ್ತಿಗೆ ಗೇಟು ಬಡಿಯುತ್ತಿತ್ತು. ಟೆಂಪೋದಲ್ಲಿ ಹೊಸ ಟ್ಯಾಂಕು, ಸಿಮೆಂಟು, ಇಬ್ಬರು ಕೆಲಸದವರು, ಜೊತೆಗೆ ಮಾಲೀಕರು. ಪಂಚೆ ಎತ್ತಿ ಕಟ್ಟಿ ಅವರೇ ತಾರಸಿ ಹತ್ತಿದರು. ಒದ್ದೆ ಗಾರೆಯನ್ನೆಲ್ಲ ಕೆಡವಿಸಿದರು, ವೈರಿಂಗಿನವರನ್ನು ಕರೆಸಿ ಸ್ವಿಚ್ ಬೋರ್ಡನ್ನು ಎದುರು ಗೋಡೆಗೆ ಹಾಕಿಸಿದರು.

ಮಧ್ಯಾಹ್ನ ಜಗಲಿಯಲ್ಲಿ ಒಲೆ ಹೂಡಿ ಅತ್ತೆ ಎಲ್ಲರಿಗೂ ರೊಟ್ಟಿ ಬಡಿದರು. ಉಣ್ಣುತ್ತ ಮಾಲೀಕರು ತಾವಾಗಿಯೇ ಹೇಳಿದರು: "ಫೋನ್ ಎತ್ತಿದ್ರೆ ಬರ್ಬೇಕಾಗ್ತದಲ್ಲ ಅಂತ ಎತ್ಲಿಲ್ಲ ಅಮ್ಮಾ. ಇಷ್ಟು ಕೆಟ್ಟಿದೆ ಅಂತ ಅಂದ್ಕಂಡಿರ್ಲಿಲ್ಲ. ನಿನ್ನೆ ಅವರ ಮುಂದೆ ನೀವು ಬೇರೆ ಏನಾದ್ರೂ ಅಂದಿದ್ರೆ ನನ್ನ ಗತಿ?"

"ಹುಡುಗಿ ಮುಖ ನೋಡಿ ಸುಮ್ನಾದೆ, ನಿಮ್ಮ ಮುಖ ನೋಡಿ ಅಲ್ಲ" ಎಂದರು ಅತ್ತೆ. "ಮತ್ತೆ, ಒಪ್ಪಿಗಿ ಆತಾ?"

"ಅವರು ಒಪ್ಪಿದಾರೆ. ನಮ್ಮ ಹುಡುಗಿ ಮಾತ್ರ, ಹುಡುಗನ ಹತ್ರ ಇನ್ನೊಂದ್ಸಲ ಕೂತು ಮಾತಾಡ್ಬೇಕು ಅಂತಾಳೆ."

"ಮಾತಾಡ್ಲಿ ಬಿಡ್ರಿ, ಜಲ್ಮ ಪೂರ್ತಿ ಇರೋಳು ಅವಳು" ಎಂದು ಅತ್ತೆ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.